ಹಿತ್ತಲ ಗುಲಾಬಿಯ ಗುಲ್ಕನ್: ಎಷ್ಟು ಹಿತ, ಎಷ್ಟು ಮಿತ?

“ಡಾಕ್ಟ್ರೇ, ನಾನು ಸಿಹಿ ಮುಟ್ಟುವುದೇ ಇಲ್ಲ, ಕಾಫಿಗೂ ಸಕ್ಕರೆ ಹಾಕುವುದಿಲ್ಲ. ಆದರೂ ಶುಗರ್ ಏಕೆ ಏರಿದೆ?” ಬೇಸಿಗೆಯಲ್ಲೊಮ್ಮೆ ಮಧುಮೇಹಿಯೊಬ್ಬರು ಹೀಗೆ ಕೇಳಿದರು. ವಿಚಾರಿಸಿದಾಗ ಗುಟ್ಟು ರಟ್ಟಾಯಿತು. ದಿನಕ್ಕೆ ಎರಡು ಹೊತ್ತು, ಒಂದೊಂದು ದೊಡ್ಡ ಚಮಚ ಗುಲ್ಕನ್! “ಅದು ಮನೆಯಲ್ಲೇ ಮಾಡಿದ್ದು, ಹೂವಿನದು, ಮೈಗೆ ತಂಪು” ಎಂಬುದು ಅವರ ಸಮಜಾಯಿಷಿ.

ಪಾರ್ಸಿ ಭಾಷೆಯಲ್ಲಿ ‘ಗುಲ್’ ಎಂದರೆ ಹೂ, ‘ಕಂದ್’ ಎಂದರೆ ಸಕ್ಕರೆ. ಹೆಸರೇ ಎಲ್ಲವನ್ನೂ ಹೇಳುತ್ತದೆ. ಗುಲ್ಕನ್ನಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. 20 ಗ್ರಾಂ ಗುಲ್ಕನ್ ತಿಂದರೆ ಕನಿಷ್ಠ ಎರಡು ಟೀ ಚಮಚ ಸಕ್ಕರೆ ತಿಂದಂತೆ. ಕಲ್ಲುಸಕ್ಕರೆ ಹಾಕಿ ಮಾಡಿದರೂ ಲೆಕ್ಕ ಬದಲಾಗದು.

ಹಾಗೆಂದು ಉಳಿದವರು ಹೆದರಬೇಕಿಲ್ಲ. ಆದರೆ ಹೂವಿನ ಆಯ್ಕೆಯಲ್ಲಿ ಎಚ್ಚರ ಬೇಕು. ಘಮಘಮಿಸುವ ಪನ್ನೀರು ಗುಲಾಬಿ ಇದಕ್ಕೆ ಉತ್ತಮ. ಅಂಗಡಿಯ ಹೂ, ಹಾರ, ಬೊಕೆಯ ಗುಲಾಬಿ ಬೇಡವೇ ಬೇಡ. ಅವನ್ನು ತಿನ್ನಲೆಂದು ಬೆಳೆದಿರುವುದಿಲ್ಲ. ಕೆಲವು ಕೀಟನಾಶಕಗಳು ಗಿಡದೊಳಗೇ ಸೇರಿಕೊಳ್ಳುವುದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ನಿಮ್ಮ ಹಿತ್ತಲ ಗಿಡಕ್ಕೇ ಔಷಧಿ ಹೊಡೆದಿದ್ದರೂ ಆ ಹೂವನ್ನು ಅಡುಗೆಮನೆಗೆ ತರಬೇಡಿ.

ಮಾಡುವ ವಿಧಾನ ಸುಲಭ. ಬೆಳಿಗ್ಗೆ ಕಿತ್ತ ಹೂವಿನ ಎಸಳುಗಳನ್ನು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ನೆರಳಿನಲ್ಲಿ ನೀರಾರುವವರೆಗೆ ಹರಡಿ. ಎಸಳಿನಷ್ಟೇ ತೂಕದ ಸಕ್ಕರೆಯನ್ನು ಒಣಗಿದ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿ. ಮೂರು ವಾರ ಬಿಸಿಲಿಗಿಟ್ಟು, ಆಗಾಗ ಒಣಗಿದ ಚಮಚದಿಂದ ಕೈಯಾಡಿಸಿ. ಸಕ್ಕರೆಯು ನೀರನ್ನು ಹೀರಿಕೊಂಡು ರೋಗಾಣುಗಳು ಬೆಳೆಯದಂತೆ ತಡೆಯುತ್ತದೆ. ಎಸಳಿನಲ್ಲಿ ನೀರುಳಿದರೆ ಈ ಕಾವಲು ಸಡಿಲವಾಗುತ್ತದೆ. ಬೂಷ್ಟು ಬಂದರೆ, ಹುಳಿ ವಾಸನೆ ಹೊಡೆದರೆ, ಮೇಲಿನದನ್ನು ತೆಗೆದು ಉಳಿಸಿಕೊಳ್ಳಬೇಡಿ. ಭರಣಿಯಷ್ಟನ್ನೂ ಚೆಲ್ಲಿಬಿಡಿ.

ಸಕ್ಕರೆ ಕಡಿಮೆ ಬೇಕೆನ್ನುವವರು ಪಾನಕ ಮಾಡಿಕೊಳ್ಳಬಹುದು. ಒಂದು ಹಿಡಿ ಎಸಳಿನ ಮೇಲೆ ಎರಡು ಲೋಟ ಕುದಿಯುವ ನೀರು ಸುರಿದು ಮುಚ್ಚಿಡಿ. ಆರಿದ ಮೇಲೆ ಸೋಸಿ ನಿಂಬೆರಸ ಹಿಂಡಿದರೆ ಮಂಕಾಗಿದ್ದ ಬಣ್ಣ ತಾನಾಗಿ ಕೆಂಪೇರುತ್ತದೆ. ಮಕ್ಕಳಿಗೆ ಇದೊಂದು ಮೋಜು. ಸಿಹಿ ಎಷ್ಟೆಂಬುದು ನಿಮ್ಮ ಕೈಯಲ್ಲಿದೆ. ಮಧುಮೇಹಿಗಳು ಸಕ್ಕರೆಯಿಲ್ಲದೆ, ಚಿಟಿಕೆ ಏಲಕ್ಕಿ ಪುಡಿ ಹಾಕಿ ಕುಡಿಯಲಿ. ಪಾನಕವನ್ನು ಅಂದಂದೇ ಮುಗಿಸಿ.

ಇನ್ನೆರಡು ಮಾತು. ಜೇನುತುಪ್ಪದಲ್ಲಿ ಮಾಡಿದ ಗುಲ್ಕನ್ನನ್ನು ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೇಬೇಡಿ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು. ಹಾಗೆಯೇ, ಮಲದಲ್ಲಿ ರಕ್ತ ಕಂಡರೆ “ಉಷ್ಣವಾಗಿದೆ” ಎಂದು ಗುಲ್ಕನ್ ತಿಂದು ಕಾಲ ಕಳೆಯಬೇಡಿ. ಅದು ಮೂಲವ್ಯಾಧಿಯೇ ಇರಬಹುದು, ಕರುಳಿನ ಗಡ್ಡೆಯೂ ಆಗಿರಬಹುದು. ಪರೀಕ್ಷಿಸದೆ ತಿಳಿಯದು.

ಅಂದಹಾಗೆ, ಆ ಮಧುಮೇಹಿಯ ಮನೆಯಲ್ಲಿ ಈಗಲೂ ಗುಲ್ಕನ್ ಮಾಡುತ್ತಾರೆ. ತಿನ್ನುವುದು ಮಾತ್ರ ಮೊಮ್ಮಕ್ಕಳು, ಅದೂ ಅರ್ಧ ಚಮಚ.