ವಸತಿ ಬಡಾವಣೆಗಳ ನಿರ್ಮಾಣ ಮತ್ತು ವೃಕ್ಷಸಂರಕ್ಷಣೆ

ಬೆಂಗಳೂರಿನ ಸುತ್ತಲಿನ ಕೃಷಿಭೂಮಿಯು ವಸತಿ ಬಡಾವಣೆಗಳಾಗಿ ಮಾರ್ಪಟ್ಟಂತೆ ಹಳ್ಳಿಗಳ ಗುಂಡುತೋಪುಗಳೂ ಹೊಲದ ಬದುಗಳ ಹೊಂಗೆ, ಹುಣಸೆ, ಹಲಸಿನ ಮರಗಳೂ ನಿವೇಶನಗಳ ನಡುವೆ ಸಿಲುಕಿದವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಕೆಲವು ಜಾತಿಗಳಿಗೆ ವಿನಾಯಿತಿಯಿತ್ತರೂ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿಯನ್ನು ಕಡ್ಡಾಯಗೊಳಿಸಿ, ಬದಲಿ ಸಸಿ ನೆಡುವ ಹೊಣೆಯನ್ನೂ ವಿಧಿಸಿದೆ. ಆದರೆ ಕೊಡಲಿ ತಾಗದ ಮರವೂ ಸಾಯಬಲ್ಲುದೆಂಬುದು ಇಲ್ಲಿ ಗಮನಾರ್ಹ.

ಮರದ ಬೇರುಗಳಲ್ಲಿ ಹೆಚ್ಚಿನವು ನೆಲದ ಮೇಲ್ಪದರದ ಸುಮಾರು 60 ಸೆಂಟಿಮೀಟರ್ ಆಳದೊಳಗೇ ಹರಡಿದ್ದು, ಕೊಂಬೆಗಳ ಹರವನ್ನೂ ಮೀರಿ ಚಾಚಿರುತ್ತವೆ. ಯಂತ್ರಗಳ ಓಡಾಟದಿಂದ ಮಣ್ಣು ಗಟ್ಟಿಯಾದಾಗ, ಅಥವಾ ಬುಡಕ್ಕೆ ಮಣ್ಣು ತುಂಬಿದಾಗ ಅವುಗಳಿಗೆ ಗಾಳಿ ದೊರೆಯದು. ಚರಂಡಿಗಾಗಿ ಅಗೆದಾಗ ಬೇರುಗಳೇ ಕತ್ತರಿಸಿಹೋಗುತ್ತವೆ. ಇಂತಹ ಮರವು ಹಲವೊಮ್ಮೆ ಕೆಲವು ವರ್ಷಗಳ ತರುವಾಯ ತುದಿಯಿಂದ ಒಣಗುತ್ತ ಬರುವುದರಿಂದ ಕಾರಣವು ಕಣ್ಣಿಗೆ ಬೀಳುವುದಿಲ್ಲ. ಕಡಿದ ಮರಗಳ ಲೆಕ್ಕಕ್ಕೂ ಅದು ಸೇರುವುದಿಲ್ಲ.

ಆದುದರಿಂದ ಮರಗಳ ಗಣತಿಯು ಬಡಾವಣೆಯ ನಕ್ಷೆ ಸಿದ್ಧವಾಗುವುದಕ್ಕೆ ಮುಂಚೆಯೇ ನಡೆಯಬೇಕು. ಗುಂಡುತೋಪಿನ ನೆಲವನ್ನು ಉದ್ಯಾನಕ್ಕೆ ಮೀಸಲಿಡುವುದು ಯುಕ್ತ. ಉಳಿಸುವ ಪ್ರತಿ ಮರದ ಸುತ್ತ, ಕೊಂಬೆಗಳ ಹರವಿನಷ್ಟು ನೆಲಕ್ಕಾದರೂ, ಕೆಲಸ ಆರಂಭವಾಗುವ ಮೊದಲೇ ಬೇಲಿ ಹಾಕಬೇಕು. ಅದರೊಳಗೆ ಜಲ್ಲಿ, ಸಿಮೆಂಟುಗಳನ್ನು ರಾಶಿ ಹಾಕಬಾರದು. ಹೊಸ ಸಸಿಗಳ ಜಾತಿಯನ್ನು ರಸ್ತೆಯ ಅಗಲ, ವಿದ್ಯುತ್ ತಂತಿಗಳ ಎತ್ತರಗಳಿಗೆ ತಕ್ಕಂತೆ ಆರಿಸಬೇಕು. ಸಸಿಯು ದಶಕಗಳ ನಂತರ ನೀಡಬಹುದಾದ ನೆರಳನ್ನು ನಿಂತ ಮರವು ಇಂದೇ ನೀಡುತ್ತಿರುತ್ತದೆ. ಅದನ್ನು ಉಳಿಸುವುದೆಂದರೆ ಮೊದಲು ಅದರ ಮಣ್ಣನ್ನು ಉಳಿಸುವುದು.