ಕಲ್ಯಾಣದ ಇಪ್ಪತ್ತು ಕ್ರೀಡೆಗಳು

ಬಸವಕಲ್ಯಾಣವೆಂದೊಡನೆ ಶರಣರು ನೆನಪಾಗುವುದು ಸಹಜ. ಬಸವಣ್ಣನವರು ಅಲ್ಲಿಗೆ ಬರುವುದಕ್ಕೆ ಮೊದಲೇ, 1126 ರಿಂದ 1138 ರವರೆಗೆ, ಅದೇ ಊರಿನಿಂದ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಆಟಗಳ ವಿಷಯದಲ್ಲಿಯೂ ಪಂಡಿತನಾಗಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತು ಕ್ರೀಡೆಗಳಿಗೇ ಮೀಸಲಾದ ಭಾಗವೊಂದಿದೆ. ಚದುರಂಗ, ದಾಳ, ಕವಡೆ, ಒಗಟುಗಳ ಜೊತೆಗೆ ವನಕ್ರೀಡೆ, ಜಲಕ್ರೀಡೆ, ಮರಳಿನ ಕ್ರೀಡೆ, ಬೆಳದಿಂಗಳ ಕ್ರೀಡೆ, ಪೈರಿನ ನಡುವಣ ಕ್ರೀಡೆಗಳೂ ಅಲ್ಲಿವೆ. ಅರಸನ ವಿನೋದಗಳಿವು, ಬಡವರ ಪಾಲಿಗೆ ಬಂದವಲ್ಲ, ನಿಜ. ಆದರೂ ತೋಟ ಬಾಡಿದರೆ, ಕೊಳ ಬತ್ತಿದರೆ ಅರಸನ ಆಟವೂ ಅಲ್ಲಿಗೇ ಮುಗಿಯುತ್ತಿತ್ತು. ಆಟಕ್ಕೂ ನೆಲಕ್ಕೂ ಇದ್ದ ನಂಟು ಆಡುವವನ ಕಣ್ಣೆದುರಿಗೇ ಇತ್ತು.

ಇಂದಿನ ಮಕ್ಕಳ ವೀಡಿಯೋ ಆಟಕ್ಕೂ ನೆಲ ಬೇಕು. ಅದು ಕಾಣುವುದಿಲ್ಲ, ಅಷ್ಟೆ. ಯಂತ್ರದೊಳಗಿನ ತಾಮ್ರ, ಲಿಥಿಯಮ್, ಕೋಬಾಲ್ಟ್‌ಗಳು ದೂರದ ಗಣಿಗಳಿಂದ ಬರುತ್ತವೆ. ವಿದ್ಯುತ್ತಿನ ಒಂದು ಪಾಲು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಸ್ಥಾವರಗಳದು. ಮೊಬೈಲಿನ ಆಟಕ್ಕೆ ಕೆಲವೇ ವಾಟ್ ಸಾಕು. ಟಿ.ವಿ.ಗೆ ಜೋಡಿಸುವ ದೊಡ್ಡ ಯಂತ್ರಗಳ ಹಸಿವು ಬೇರೆ. 200 ವಾಟ್ ಎಳೆಯುವ ಯಂತ್ರದಲ್ಲಿ ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ 12 ಯೂನಿಟ್. ಇನ್ನೂ ವಿಚಿತ್ರವಾದುದು ನಿದ್ದೆಯ ಲೆಕ್ಕ. ಎಕ್ಸ್‌ಬಾಕ್ಸ್ ಯಂತ್ರವು ‘ಸ್ಲೀಪ್’ ಸ್ಥಿತಿಯಲ್ಲಿ 10 ರಿಂದ 15 ವಾಟ್ ನುಂಗುತ್ತದೆ. ಉಳಿದ 22 ಗಂಟೆ ಹಾಗೆಯೇ ಬಿಟ್ಟರೆ ತಿಂಗಳಿಗೆ 7 ರಿಂದ 10 ಯೂನಿಟ್, ಆಡದೆಯೇ! ‘ಶಟ್‌ಡೌನ್’ ಸ್ಥಿತಿಗೆ ಬದಲಾಯಿಸಿದರೆ ಇದು ಸುಮಾರು ಅರ್ಧ ವಾಟ್‌ಗೆ ಇಳಿಯುವುದು.

ಹಳತಾದ ಯಂತ್ರದ ಗತಿಯೇನು? 1983 ರಲ್ಲಿ ಅಮೆರಿಕದ ಅಟಾರಿ ಕಂಪನಿಯು ಉಳಿದುಹೋದ ಆಟದ ಸರಕನ್ನು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂಳಿಸಿ ಮೇಲೆ ಕಾಂಕ್ರೀಟು ಸುರಿಸಿತು. ಉಸ್ತುವಾರಿ ವಹಿಸಿದ್ದ ಅಧಿಕಾರಿಯ ಲೆಕ್ಕದಂತೆ 7,28,000 ಕಾರ್ಟ್ರಿಜ್ಜುಗಳು. 2014 ರಲ್ಲಿ ಅಗೆದಾಗ ಸುಮಾರು 1,300 ಹೊರಬಂದವು. ಹಲವಕ್ಕೆ ಪೆಟ್ಟಿಗೆಯೂ ಇತ್ತು, ಹೆಸರೂ ಓದುವಂತಿತ್ತು. ಮೂವತ್ತೊಂದು ವರ್ಷ ಮಣ್ಣಿಗೆ ಅದನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ.

ಭಾರತದಲ್ಲಿ 2023 ರ ಏಪ್ರಿಲ್ 1 ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವೀಡಿಯೋ ಆಟದ ಸಾಧನಗಳೂ ಸೇರಿವೆ. ಅವುಗಳ ಮರುಬಳಕೆಯ ಹೊಣೆ ತಯಾರಕರದು. ಆದರೆ ಯಂತ್ರವು ಮನೆಯ ಕಸದ ಬುಟ್ಟಿಗೆ ಬಿದ್ದರೆ ಆ ಹೊಣೆ ಕಾಗದದಲ್ಲಿಯೇ ಉಳಿಯುವುದು. ವಿಶ್ವಸಂಸ್ಥೆಯ ಪರಿಸರ ವಿಭಾಗದ ಬೆಂಬಲದಿಂದ 2019 ರಲ್ಲಿ ಒಂದುಗೂಡಿದ ಆಟದ ಕಂಪನಿಗಳು ಆಟದೊಳಗೇ ಪರಿಸರದ ಪಾಠ ಹೇಳಲು ಮುಂದಾಗಿವೆ. ಒಳ್ಳೆಯದೇ. ಆದರೆ ಪರದೆಯ ಮೇಲೆ ನೆಟ್ಟ ಸಸಿಗಿಂತ ಇನ್ನೆರಡು ವರ್ಷ ಹೆಚ್ಚು ಬಾಳುವ ಯಂತ್ರ ಮೇಲು. ಸೋಮೇಶ್ವರನ ಪಟ್ಟಿಯ ಚದುರಂಗವನ್ನಂತೂ ಅಜ್ಜನ ಹಳೆಯ ಮೊಬೈಲಿನಲ್ಲಿಯೂ ಧಾರಾಳವಾಗಿ ಆಡಬಹುದು.