ಒಂದೇ ಗಾಲಿ ಸುತ್ತಿದಾಗ

ಹೊಸನಗರ ತಾಲ್ಲೂಕಿನ ನಿಟ್ಟೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ ಹಳೇ ಜೀಪೊಂದು ಮಳೆಯಲ್ಲಿ ಸಿಕ್ಕಿಬಿದ್ದಾಗ ಅದರ ಹಿಂದಿನ ಗಾಲಿಗಳನ್ನು ನೋಡಬೇಕು. ಬಲಗಾಲಿ ಗಟ್ಟಿ ಜಂಬಿಟ್ಟಿಗೆಯ ಮೇಲೆ ಅಲ್ಲಾಡದೆ ನಿಂತಿರುತ್ತದೆ. ಎಡಗಾಲಿ ಕೊರಕಲಿನ ರಾಡಿಯಲ್ಲಿ ಗಿರಗಿರನೆ ತಿರುಗಿ, ಹಿಂದೆ ತಳ್ಳುತ್ತಿರುವವರ ಮೈಗೆಲ್ಲ ಕೆಸರು ಹಾರಿಸುತ್ತದೆ. ಎಂಜಿನ್ನಿಗೆ ದಮ್ಮಿಲ್ಲವೆಂದಲ್ಲ, ಇರುವ ದಮ್ಮೆಲ್ಲ ಜಾರುವ ಗಾಲಿಯ ಪಾಲಾಗುತ್ತಿದೆ. ಹಿಡಿತವಿರುವ ಗಾಲಿ ಸುಮ್ಮನಿದೆ, ಹಿಡಿತವಿಲ್ಲದ್ದು ಕುಣಿಯುತ್ತಿದೆ. ಇದಕ್ಕೆ ಕಾರಣ ಇಬ್ಬರು ಜಾಣರ ಒಳ್ಳೆಯ ಕೆಲಸ.

ಮೊದಲನೆಯವನು ಪ್ಯಾರಿಸ್ಸಿನ ಗಡಿಯಾರ ಕುಶಲಕರ್ಮಿ ಒನೆಸಿಫೋರ್ ಪೆಕ್ಯೂರ್. 1827ರಲ್ಲಿ ಅವನು ಉಗಿಬಂಡಿಗೆಂದು ಡಿಫರೆನ್ಷಿಯಲ್‌ಗೆ, ಅಂದರೆ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆಗೆ, ಪೇಟೆಂಟ್ ಪಡೆದ. ಅದರ ಅಗತ್ಯ ಎಷ್ಟೆಂದು ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದವರಿಗೆ ಬೇರೆ ಹೇಳಬೇಕಿಲ್ಲ. ಜೀಪಿನ ಎಡಬಲ ಗಾಲಿಗಳ ನಡುವೆ ಸುಮಾರು 1.2 ಮೀಟರ್ ಅಂತರ. ಪೂರಾ ಹಿಂದಿರುಗುವ ಒಂದು ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ಓಡಲೇಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಟಯರ್ ಸವೆಯಬೇಕು, ಇಲ್ಲವೇ ಆಕ್ಸಲ್ ಮುರಿಯಬೇಕು.

ಎರಡನೆಯವನು ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ. ಹೊಲಿಗೆ ಯಂತ್ರದ ಕೆಲಸದಿಂದ ಸೈಕಲ್ಲಿಗೆ ಬಂದವನು. ಅಕ್ಕಪಕ್ಕ ಇಬ್ಬರು ಕೂತು, ಒಬ್ಬೊಬ್ಬರು ಒಂದೊಂದು ಗಾಲಿ ತುಳಿಯುವ ಗಾಡಿಯಲ್ಲಿ ಅವನೂ ಮಗನೂ ಹೊರಟಿದ್ದರಂತೆ. ಮಗನ ಎಳೆಗಾಲಿನ ತುಳಿತ ಜೋರಾಯಿತು, ಗಾಡಿ ವಾಲಿತು, ಅಪ್ಪ ಹೋಗಿ ತುರುಚೆ ಗಿಡದ ಮೆಳೆಗೆ ಬಿದ್ದ. ಮೈ ಕೆರೆದುಕೊಳ್ಳುತ್ತಲೇ 1877ರಲ್ಲಿ ಡಿಫರೆನ್ಷಿಯಲ್ ಗೇರು ಕಟ್ಟಿದ ಎಂಬುದು ಅಲ್ಲಿಯವರು ಹೇಳುವ ಕತೆ. ಕತೆಗೆ ಒಂದಿಷ್ಟು ಉಪ್ಪುಖಾರ ಸೇರಿರಬಹುದು, ಗೇರು ಮಾತ್ರ ನಿಜ.

ಈ ಗೇರಿನ ಗುಣವೇ ಅದರ ದೋಷ. ವೇಗ ಹೆಚ್ಚುಕಡಿಮೆಯಾಗಲು ಬಿಡುತ್ತದೆ, ಆದರೆ ತಿರುಗಿಸುವ ಬಲವನ್ನು ಎರಡೂ ಗಾಲಿಗೆ ಸಮನಾಗಿಯೇ ಹಂಚುತ್ತದೆ. ರಾಡಿಯಲ್ಲಿರುವ ಗಾಲಿ ತೀರಾ ಕಡಿಮೆ ಬಲಕ್ಕೇ ತಿರುಗಿಬಿಡುವುದರಿಂದ ಕಲ್ಲಿನ ಮೇಲಿನದಕ್ಕೂ ಅಷ್ಟೇ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದು ಜಾರುವ ಗಾಲಿಯನ್ನು ತಡೆಯುವ ಉಪಾಯ ಕಾರಿನಲ್ಲಿ ಕೆಲವೊಮ್ಮೆ ನಡೆಯುತ್ತದೆ. ಹಳೇ ವಿಲ್ಲೀಸ್ ಜೀಪಿನಲ್ಲಿ ಅದೂ ಇಲ್ಲ: ಅದರ ಹ್ಯಾಂಡ್‌ಬ್ರೇಕ್ ಗಾಲಿಯನ್ನಲ್ಲ, ಎಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ.

ದೋಷ ದೊಡ್ಡದಾಗಿ ಕಣ್ಣಿಗೆ ಬಿದ್ದದ್ದು ಕೆಸರಿನಲ್ಲಲ್ಲ, ರೇಸಿನ ಡಾಂಬರಿನ ಮೇಲೆ. ಫರ್ಡಿನಾಂಡ್ ಪೋರ್ಶೆ ಆಟೋ ಯೂನಿಯನ್ ಕಂಪನಿಗೆ ರೂಪಿಸಿದ ರೇಸ್ ಕಾರಿನ ಶಕ್ತಿ ಎಷ್ಟಿತ್ತೆಂದರೆ, ಗಂಟೆಗೆ 160 ಕಿ.ಮೀ. ವೇಗದವರೆಗೂ ಹಿಂದಿನ ಒಂದು ಗಾಲಿ ಬಿಡದೆ ಜಾರುತ್ತಿತ್ತು. 1935ರಲ್ಲಿ ಅವನು ಜರ್ಮನಿಯ ಝಡ್‌ಎಫ್ ಕಂಪನಿಗೆ ಹೇಳಿ, ಜಾರಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಮಾಡಿಸಿದ. 1956ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ‘ಟ್ವಿನ್ ಟ್ರ್ಯಾಕ್ಷನ್’ ಹೆಸರಿನಲ್ಲಿ ಇಂಥದ್ದು ಬಂತು. ಜೀಪಿನ ಡಾನಾ 44 ಆಕ್ಸಲ್‌ಗೆ ಒದಗಿದ್ದು ‘ಪವರ್-ಲಾಕ್’. ಅದರೊಳಗೆ ಕ್ಲಚ್ ಪ್ಲೇಟುಗಳಿವೆ. ಸ್ಟಾರ್ ಪಿನಿಯನ್ ಎಂಬ ಒಳಗಿನ ಸಣ್ಣ ಗೇರುಗಳ ಅಡ್ಡ ಪಿನ್ನುಗಳು ಡಿಫರೆನ್ಷಿಯಲ್ಲಿನ ಕವಚದ, ಅಂದರೆ ಕೇಸಿನ, ಇಳಿಜಾರು ಖಾಂಚಿನಲ್ಲಿ ಕೂತಿವೆ. ಎಂಜಿನ್ ಎಳೆದಷ್ಟೂ ಪಿನ್ನು ಇಳಿಜಾರು ಹತ್ತಿ ಪ್ಲೇಟುಗಳನ್ನು ಅದುಮುತ್ತದೆ. ಪ್ಲೇಟು ಕಚ್ಚಿಕೊಂಡಷ್ಟೂ ಎರಡು ಗಾಲಿಗಳು ಜೊತೆಯಾಗುತ್ತವೆ. ಎಳೆತ ಸಡಿಲಿಸಿದರೆ ತಿರುವಿನಲ್ಲಿ ಜಾರಲು ಬಿಡುತ್ತವೆ. ಎಣ್ಣೆಗೆ ತಕ್ಕ ಅಡಿಟಿವ್ ಸೇರಿಸದಿದ್ದರೆ ಪ್ರತಿ ತಿರುವಿನಲ್ಲೂ ಕಟಕಟ ಅಂದು ಚಾಲಕನ ಎದೆ ಹಾರಿಸುತ್ತವೆ.

ಇನ್ನು ರೇಷಿಯೊ ವಿಚಾರ. ಶಾಫ್ಟಿನ ತುದಿಯ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್; ಕ್ರೌನಿನ ಹಲ್ಲನ್ನು ಪಿನಿಯನ್ನಿನ ಹಲ್ಲಿನಿಂದ ಭಾಗಿಸಿದರೆ ಸಿಗುವುದು ರೇಷಿಯೊ. ಮಹೀಂದ್ರಾ ದಶಕಗಳ ಕಾಲ ತಯಾರಿಸಿದ ವಿಲ್ಲೀಸ್ ಮಾದರಿ ಸಿಜೆ-3ಬಿಯ ರೇಷಿಯೊ 5.38. ಅಂದರೆ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ನಲವತ್ತು ಹಲ್ಲಿಟ್ಟು ಲೆಕ್ಕ ಸುಲಭ ಮಾಡಿಕೊಳ್ಳಬಹುದಿತ್ತಲ್ಲ? ಹಾಗೆ ಮಾಡಿದರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅವೇ ಐದು ಹಲ್ಲನ್ನು ಮತ್ತೆ ಮತ್ತೆ ಕಚ್ಚಿ, ಸವೆತ ಅಲ್ಲಲ್ಲೇ ಕೂತುಬಿಡುತ್ತದೆ. 43 ಮತ್ತು 8ಕ್ಕೆ ಸಮಾನ ಭಾಜಕವಿಲ್ಲದ್ದರಿಂದ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಭೇಟಿಯಾಗುತ್ತದೆ. ಹಲ್ಲು ಎಣಿಸಿದವರ ಈ ಬುದ್ಧಿಗೆ ನಾನು ಪೋರ್ಶೆಯ ರೇಸ್ ಕಾರಿಗಿಂತ ಹೆಚ್ಚು ಅಂಕ ಕೊಡುತ್ತೇನೆ.

ತೋಟದ ಏರಿಗೆ, ಗೊಬ್ಬರದ ಹೇರಿಗೆ 5.38 ಹೇಳಿ ಮಾಡಿಸಿದ್ದು. ಅದೇ ಜೀಪಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಹೊರಟರೆ ಎಂಜಿನ್ ಅರಚುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2500 ಸುತ್ತು ಹೊಡೆದರೆ 16 ಇಂಚಿನ ಟಯರಿನಲ್ಲಿ ವೇಗ ಗಂಟೆಗೆ ಸುಮಾರು 62 ಕಿ.ಮೀ. 41ಕ್ಕೆ 11ರ, ಅಂದರೆ 3.73ರ ಕ್ರೌನ್ ಪಿನಿಯನ್ ಕೂರಿಸಿದರೆ ಅದೇ ಸುತ್ತಿಗೆ 90ರ ಹತ್ತಿರ. ಅದಕ್ಕೆ ಬದಲಾಗಿ ಏರಿನಲ್ಲಿ ಎಳೆತ ಸುಮಾರು ಮೂರನೇ ಒಂದು ಪಾಲು ಹೋಯಿತೆಂದೇ ಲೆಕ್ಕ.

ಸೆಟ್ ತಂದು ಬಿಚ್ಚಿ ಹಾಕಿದರಾಯಿತು ಅನ್ನುವವರಿಗೆ ಡಾನಾ 44 ಒಂದು ಪಾಠ ಇಟ್ಟಿದೆ. 8 ಹಲ್ಲಿನ ಪಿನಿಯನ್ ಸಣ್ಣದು, 11ರದ್ದು ದಪ್ಪ. ಪಿನಿಯನ್ ದಪ್ಪವಾದರೆ ಕ್ರೌನ್ ಅದರಿಂದ ಅಷ್ಟು ದೂರ ಸರಿಯಬೇಕು. ಆದ್ದರಿಂದ ಕ್ರೌನನ್ನು ಬೋಲ್ಟ್ ಮಾಡುವ ಕೇಸೇ ಎರಡು ಬಗೆ: 3.73 ಮತ್ತು ಅದರ ಕೆಳಗಿನ ರೇಷಿಯೊಗಳಿಗೆ ಒಂದು, 3.92 ಮತ್ತು ಮೇಲಿನವಕ್ಕೆ ಇನ್ನೊಂದು. ಮಾಮೂಲಿ ಡಿಫರೆನ್ಷಿಯಲ್ ಆದರೆ ಬೇರೆ ಕೇಸ್ ಹಾಕಿ ಒಳಗಿನ ಗೇರುಗಳನ್ನು ಅದಕ್ಕೆ ವರ್ಗಾಯಿಸಿದರೆ ಮುಗಿಯಿತು. ಪವರ್-ಲಾಕಿನಲ್ಲಿ ಪ್ಲೇಟು, ಖಾಂಚು ಎಲ್ಲ ಇರುವುದು ಆ ಕೇಸಿನೊಳಗೇ. ಕೇಸ್ ಬದಲಿಸುವುದೆಂದರೆ ಡಿಫರೆನ್ಷಿಯಲ್ಲನ್ನೇ ಹೊಸದಾಗಿ ಕೊಳ್ಳುವುದು.

ಕೊಂಡ ಮೇಲೂ ಕೆಲಸ ಬಾಕಿ. ಶಿಮ್ ಎಂಬ ತೆಳು ಬಿಲ್ಲೆ ಇಟ್ಟು ತೆಗೆದು ಹಲ್ಲುಗಳ ನಡುವಿನ ಸಡಿಲವನ್ನು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿಗೆ ತರಬೇಕು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬಿದ್ದಿದೆಯೇ ನೋಡಬೇಕು. ಫೋರ್ ವೀಲ್ ಇದ್ದರೆ ಮುಂದಿನ ಆಕ್ಸಲ್ಲಿಗೂ ಅದೇ ರೇಷಿಯೊ ಹಾಕಬೇಕು. ಇಲ್ಲದಿದ್ದರೆ ಹಿಂದಿನದು ಒಂದು ಲೆಕ್ಕದಲ್ಲಿ, ಮುಂದಿನದು ಇನ್ನೊಂದು ಲೆಕ್ಕದಲ್ಲಿ ತಿರುಗಿ, ಎರಡೂ ಆಕ್ಸಲ್ಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಕುತ್ತು. ಇಷ್ಟೆಲ್ಲ ಮುಗಿಸಿ ರಸ್ತೆಗಿಳಿದರೆ, ಟ್ರಾನ್ಸ್‌ಫರ್ ಕೇಸಿನಿಂದಲೇ ಕೇಬಲ್ ಎಳೆದಿರುವ ಸ್ಪೀಡೋಮೀಟರ್‌ಗೆ ಹೊಸ ಕ್ರೌನಿನ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಜೀಪು 90ರಲ್ಲಿ ಓಡುತ್ತಿದ್ದರೂ ಮುಳ್ಳು 62 ತೋರಿಸುತ್ತದೆ. ಕೇಬಲ್ಲಿನ ಸಣ್ಣ ಗೇರನ್ನೂ ಬದಲಿಸಿದಾಗಲೇ ಸರಿಹೋಗುವುದು.